ಪ್ರಬಲರ ಸೋಲು: ಒಂದು ಸಿದ್ಧಾಂತದ ಬಲ ಮತ್ತು ಮಿತಿ

ಅಸಮಬಲದ ಯುದ್ಧಗಳ ಅಧ್ಯಯನಕ್ಕೆ ಗಟ್ಟಿ ಚೌಕಟ್ಟು ಒದಗಿಸಿದ್ದು 1975ರಲ್ಲಿ ‘ವರ್ಲ್ಡ್ ಪಾಲಿಟಿಕ್ಸ್’ ಪತ್ರಿಕೆಯಲ್ಲಿ ಬಂದ ಆಂಡ್ರ್ಯೂ ಮ್ಯಾಕ್ ಅವರ ಲೇಖನ. ದೊಡ್ಡ ರಾಷ್ಟ್ರಗಳು ಸಣ್ಣ ಯುದ್ಧಗಳಲ್ಲಿ ಏಕೆ ಸೋಲುತ್ತವೆ ಎಂಬುದು ಅದರ ಪ್ರಶ್ನೆ. ದುರ್ಬಲ ಪಕ್ಷಕ್ಕೆ ಅದು ಅಳಿವು ಉಳಿವಿನ ಹೋರಾಟ. ಪ್ರಬಲ ಪಕ್ಷಕ್ಕೆ ಹತ್ತು ಕೆಲಸಗಳ ನಡುವೆ ಹನ್ನೊಂದನೆಯದು. ವಿಯೆಟ್ನಾಂ ಸೇನೆ ಅಮೆರಿಕದ ದಡಕ್ಕೆ ಬಂದಿಳಿಯುತ್ತದೆಂಬ ಭಯ ಯಾರಿಗೂ ಇರಲಿಲ್ಲ. ಹೀಗಿರುವಾಗ ಸಾವು, ಖರ್ಚು, ಕಡ್ಡಾಯ ಸೇನಾ ಭರ್ತಿ ಬೆಳೆದಂತೆಲ್ಲ ‘ಈ ಯುದ್ಧ ಯಾಕೆ ಬೇಕು’ ಎಂಬ ಜಗಳ ಪ್ರಬಲ ದೇಶದೊಳಗೇ ಹುಟ್ಟುತ್ತದೆ. ದುರ್ಬಲರು ಅಲ್ಲಿಯವರೆಗೆ ತಾಳಿಕೊಂಡರೆ ಸಾಕು.

ಈ ವಾದಕ್ಕೆ ವಿಯೆಟ್ನಾಂಗಿಂತ ಅಲ್ಜೀರಿಯಾವೇ ಒಳ್ಳೆಯ ಪರೀಕ್ಷೆ. 1957ರಲ್ಲಿ ಫ್ರೆಂಚ್ ಪ್ಯಾರಾಟ್ರೂಪರ್‌ಗಳು ಅಲ್ಜಿಯರ್ಸ್ ನಗರದಲ್ಲಿ ಸ್ವಾತಂತ್ರ್ಯ ಹೋರಾಟದ ಸಂಘಟನೆ ಎಫ್‌ಎಲ್‌ಎನ್‌ನ ಜಾಲವನ್ನು ಮುರಿದರು. ಆದರೆ ಗೆದ್ದ ಬಗೆಯೇ ಮುಳುವಾಯಿತು. ಮರುವರ್ಷ ಪತ್ರಕರ್ತ ಆನ್ರಿ ಅಲೆಗ್ ತಾವು ಅನುಭವಿಸಿದ ಚಿತ್ರಹಿಂಸೆಯನ್ನು ಪುಸ್ತಕವಾಗಿ ಹೊರತಂದಾಗ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು. ಚರ್ಚೆ ಇನ್ನಷ್ಟು ಹಬ್ಬಿತು. ಇಂಡೋಚೀನಾಕ್ಕೆ ಕಡ್ಡಾಯ ಸೇವೆಯ ಯುವಕರನ್ನು ಕಳಿಸದಿದ್ದ ಫ್ರಾನ್ಸ್ ಅಲ್ಜೀರಿಯಾಕ್ಕೆ ಅವರನ್ನೇ ಲಕ್ಷಗಟ್ಟಲೆ ಕಳಿಸಿದ್ದರಿಂದ ಯುದ್ಧ ಮನೆಮನೆಯ ಮಾತಾಯಿತು. ಇಷ್ಟರ ಮಟ್ಟಿಗೆ ಮ್ಯಾಕ್ ಸರಿ. ಆದರೆ 1958ರ ಮೇ ತಿಂಗಳಲ್ಲಿ ಫ್ರಾನ್ಸಿನ ನಾಲ್ಕನೆಯ ಗಣರಾಜ್ಯವನ್ನು ಕೆಡವಿದ್ದು ಯುದ್ಧ ಸಾಕೆಂದವರಲ್ಲ. ಅಲ್ಜೀರಿಯಾವನ್ನು ಬಿಡಲೇಬಾರದೆಂದು ದಂಗೆಯೆದ್ದ ಸೇನಾಧಿಕಾರಿಗಳು ಮತ್ತು ಅಲ್ಲಿನ ಯುರೋಪಿಯನ್ ನಿವಾಸಿಗಳು. ಅವರಿಂದಲೇ ಅಧಿಕಾರದ ದಾರಿ ಪಡೆದ ದ ಗಾಲ್ 1962ರಲ್ಲಿ ಎವಿಯಾಂ ಒಪ್ಪಂದದ ಮೂಲಕ ಅಲ್ಜೀರಿಯಾವನ್ನು ಬಿಟ್ಟುಕೊಟ್ಟರು. ಅಣ್ವಸ್ತ್ರ ಹೊಂದಿದ ಆಧುನಿಕ ಫ್ರಾನ್ಸನ್ನು ಕಟ್ಟಹೊರಟವರಿಗೆ ಆ ವಸಾಹತು ಹೊರೆಯಾಗಿತ್ತು. ಬರೀ ಜನಾಭಿಪ್ರಾಯದಿಂದ ಈ ಕಥೆಯನ್ನು ವಿವರಿಸಲಾಗದು.

ನಂತರ ಬಂದವರಲ್ಲಿ ಗಿಲ್ ಮೆರೋಮ್ (2003) ವಾದವನ್ನು ಪ್ರಜಾಪ್ರಭುತ್ವಗಳಿಗೆ ಸೀಮಿತಗೊಳಿಸಿದರು: ಗೆಲ್ಲಲು ಬೇಕಾದ ಕ್ರೌರ್ಯವನ್ನು ವಿದ್ಯಾವಂತ ವರ್ಗ ಸಹಿಸದು ಎಂದು. ಇದು ಆ ವರ್ಗವನ್ನು ತುಸು ಹೆಚ್ಚೇ ಹೊಗಳುವ ವಾದ. ಪ್ರಜಾಪ್ರಭುತ್ವವಲ್ಲದ ಸೋವಿಯತ್ ಒಕ್ಕೂಟವೂ ಸುಮಾರು 15,000 ಸೈನಿಕರನ್ನು ಕಳೆದುಕೊಂಡು 1989ರಲ್ಲಿ ಅಫ್ಘಾನಿಸ್ತಾನ ಬಿಟ್ಟಿತು. ದಂಗೆ ಹತ್ತಿಕ್ಕುವುದರಲ್ಲಿ ಪ್ರಜಾಪ್ರಭುತ್ವಗಳು ಹಿಂದೆಬಿದ್ದಿವೆ ಎನ್ನಲು ಆಧಾರವಿಲ್ಲವೆಂದು ಜೇಸನ್ ಲಯಾಲ್ ಅಂಕಿಅಂಶಗಳಿಂದ ತೋರಿಸಿದ್ದಾರೆ.

ಇವಾನ್ ಅರೆಗ್ವಿನ್-ಟಾಫ್ಟ್ ಗಮನವನ್ನು ರಣತಂತ್ರಕ್ಕೆ ತಿರುಗಿಸಿದರು. ಅವರ ಲೆಕ್ಕದಲ್ಲಿ 1800-1849ರ ನಡುವೆ ಇಂಥ ಯುದ್ಧಗಳಲ್ಲಿ ದುರ್ಬಲರು ಗೆದ್ದದ್ದು ಶೇ. 12ರಷ್ಟು, 1950ರ ಬಳಿಕ ಶೇ. 55. ನೇರ ಕಾದಾಟಕ್ಕೆ ನಿಂತ ಪ್ರಬಲರ ಎದುರು ಗೆರಿಲ್ಲಾ ಮಾರ್ಗ ಹಿಡಿದರೆ ದುರ್ಬಲರ ಸಾಧ್ಯತೆ ಹೆಚ್ಚುತ್ತದೆ ಎಂಬುದು ಅವರ ನಿಲುವು. ಆದರೆ ಗೆರಿಲ್ಲಾ ಮಾರ್ಗ ಫಲ ಕೊಡುವುದು ಯುದ್ಧ ಎಳೆದಷ್ಟೂ ಎದುರಾಳಿಯ ದೇಶದಲ್ಲಿ ತಾಳ್ಮೆ ತಪ್ಪುವುದರಿಂದ. ಹೀಗೆ ಮ್ಯಾಕ್ ಹಿಂಬಾಗಿಲಿನಿಂದ ಮರಳಿ ಬರುತ್ತಾರೆ.

ಈ ಪರಂಪರೆಯ ದೊಡ್ಡ ಕೊರತೆ ಬೇರೆಯೇ ಇದೆ. ಅದು ರಾಜಕೀಯವನ್ನು ಹುಡುಕುವುದು ಪ್ರಬಲರ ರಾಜಧಾನಿಯಲ್ಲಿ ಮಾತ್ರ. ವಿಯೆಟ್ನಾಂ ಯುದ್ಧದಲ್ಲಿ, 1995ರಲ್ಲಿ ಹನೋಯ್ ಸರ್ಕಾರ ಒಪ್ಪಿಕೊಂಡಂತೆ, ಅದರ ಕಡೆ ಸತ್ತ ಹೋರಾಟಗಾರರು 11 ಲಕ್ಷ. ಅಮೆರಿಕ ಕಳೆದುಕೊಂಡದ್ದು 58,000ಕ್ಕೂ ಹೆಚ್ಚು. ಅಷ್ಟು ಸಾವನ್ನು ಅರಗಿಸಿಕೊಳ್ಳುವ ಪಕ್ಷಸಂಘಟನೆ ಮತ್ತು ಭಿನ್ನಮತವನ್ನು ಅದುಮುವ ಕಟ್ಟುನಿಟ್ಟು ತಾನಾಗಿ ಹುಟ್ಟುವಂಥದ್ದಲ್ಲ. ‘ದುರ್ಬಲರ ಛಲ’ ಎಂಬ ಒಂದೇ ಮಾತಿನಲ್ಲಿ ಈ ಪರಂಪರೆ ಅದನ್ನು ಮುಗಿಸಿಬಿಡುತ್ತದೆ.

ಸ್ವದೇಶದ ರಾಜಕೀಯವೂ ಒಂದೇ ಅಚ್ಚಿನದಲ್ಲ. ಶ್ರೀಲಂಕಾದಲ್ಲಿ ಸುಮಾರು 1,200 ಭಾರತೀಯ ಸೈನಿಕರು ಸತ್ತರೂ ದೇಶದಲ್ಲಿ ವಿಯೆಟ್ನಾಂ ಮಾದರಿಯ ಚಳವಳಿ ಏಳಲಿಲ್ಲ. ಅಲ್ಲಿಗೆ ಕಳಿಸಿದ್ದ ಭಾರತದ ಶಾಂತಿಪಾಲನಾ ಪಡೆ ಮರಳಿದ್ದರ ಹಿಂದೆ ಇದ್ದದ್ದು ಶ್ರೀಲಂಕಾದ ಅಧ್ಯಕ್ಷ ಪ್ರೇಮದಾಸ ಅವರ ಒತ್ತಾಯ ಮತ್ತು ಭಾರತದಲ್ಲಿ 1989ರ ಚುನಾವಣೆಯಿಂದಾದ ಸರ್ಕಾರದ ಬದಲಾವಣೆ. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿಗಳು ಮದ್ರಾಸಿಗೆ ಬಂದಿಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ.

1973ರಲ್ಲಿ ಕಡ್ಡಾಯ ಭರ್ತಿಯನ್ನು ಕೈಬಿಟ್ಟ ಅಮೆರಿಕ ಮ್ಯಾಕ್ ಸಿದ್ಧಾಂತದ ಮುಖ್ಯ ಕೊಂಡಿಯನ್ನೇ ಕಳಚಿತು. ಸ್ವಯಂಸೇವಕರ ಸೇನೆ ಮತ್ತು ಸಾಲದ ಹಣದಿಂದ ಅಫ್ಘಾನಿಸ್ತಾನದ ಯುದ್ಧ 20 ವರ್ಷ ನಡೆಯಿತು; ಬೀದಿಗಳಲ್ಲಿ ದೊಡ್ಡ ಪ್ರತಿಭಟನೆಗಳಿಲ್ಲ. ಕೊನೆಗೆ 2020ರ ದೋಹಾ ಒಪ್ಪಂದಕ್ಕೆ ಟ್ರಂಪ್ ಸರ್ಕಾರ ಸಹಿ ಹಾಕಿತು, 2021ರ ಆಗಸ್ಟ್‌ನಲ್ಲಿ ಬೈಡನ್ ಸೇನೆಯನ್ನು ಪೂರ್ತಿ ಹಿಂತೆಗೆದರು. ಜನರ ಒತ್ತಡಕ್ಕಿಂತ ಹೆಚ್ಚಾಗಿ, ಈ ಯುದ್ಧದಿಂದ ಇನ್ನೇನೂ ಗಿಟ್ಟದೆಂಬ ಎರಡೂ ಪಕ್ಷಗಳ ಅಧ್ಯಕ್ಷರ ಲೆಕ್ಕಾಚಾರವೇ ಅದನ್ನು ಮುಗಿಸಿದ್ದು.