ಕಲ್ಲಿನ ಮೇಲೆ ಹೆಸರಿದೆ, ಓದುವವರಿಗೆ ದಾರಿ?

ಈ ಸಲ ವಿಮರ್ಶೆಗೆ ಎತ್ತಿಕೊಂಡದ್ದು ಕಾದಂಬರಿಯಲ್ಲ, ಒಂದು ಉತ್ಖನನ ವರದಿ. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ, ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ 1994ರಿಂದ ಹಲವು ಹಂತಗಳಲ್ಲಿ ನಡೆದ ಅಗೆತದ ಬಗ್ಗೆ ಕೆ. ಪಿ. ಪೂಣಚ್ಚ ಬರೆದದ್ದು. ಪ್ರಕಾಶಕರು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ.

ಹಿನ್ನೆಲೆಯೇ ಸ್ವಾರಸ್ಯವಾಗಿದೆ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ, ಅದರ ಮೇಲೆ ಅಶೋಕನ ಶಾಸನ! ಮುಂದೆ ಕನಗನಹಳ್ಳಿಯ ದಿಬ್ಬದಲ್ಲಿ ಶಾತವಾಹನರ ಕಾಲದ ದೊಡ್ಡ ಬೌದ್ಧ ಸ್ತೂಪವೇ ಹೊರಬಂತು. ಒಂದು ಸುಣ್ಣಕಲ್ಲಿನ ಫಲಕದಲ್ಲಿ ರಾಣಿ, ಪರಿಚಾರಿಕೆಯರೊಡನೆ ನಿಂತ ರಾಜ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕ' ಎಂಬ ಹೆಸರು. ಅಶೋಕ ತೀರಿಹೋಗಿ ಎಷ್ಟೋ ತಲೆಮಾರುಗಳಾದ ಮೇಲೆ ಕಡೆದದ್ದು, ಆದ್ದರಿಂದ ಮುಖ ಹೋಲುತ್ತದೆಯೇ ಎಂದು ಕೇಳುವಂತಿಲ್ಲ. ಆದರೆ ಅವನ ನೆನಪು ಭೀಮಾ ತೀರದಲ್ಲಿ ಉಳಿದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಸಿಮುಕ, ಶಾತಕರ್ಣಿ, ಪುಲುಮಾವಿ ಮುಂತಾದ ಶಾತವಾಹನ ಅರಸರಿಗೂ ಇಲ್ಲಿ ಹೆಸರು ಸಮೇತ ಫಲಕಗಳಿವೆ.

ಫಲಕಗಳನ್ನೂ ಶಾಸನಗಳನ್ನೂ ಒಂದೆಡೆ ದಾಖಲಿಸಿರುವುದು ವರದಿಯ ದೊಡ್ಡ ಗುಣ. ತಕರಾರು ಎರಡು. ಒಂದು, ವಿಳಂಬ. ಅಗೆತ ಮುಗಿದು ಸುಮಾರು ಹತ್ತು ವರ್ಷವಾದ ಮೇಲೆ, 2011ರ ಮುದ್ರೆ ಹೊತ್ತು ಇದು ಬಂತು. ನಕಾನಿಶಿ ಮತ್ತು ಫಾನ್ ಹಿನ್ಯೂಬರ್ ಶಾಸನಗಳನ್ನು ಮತ್ತೆ ಪರಿಶೀಲಿಸಿ ಬರೆದ ಪುಸ್ತಕ 2014ರಲ್ಲಿ ಜಪಾನಿನಿಂದ ಹೊರಬಂತು. ಮೂಲ ದಾಖಲೆ ತಡವಾದರೆ ಅದನ್ನು ತಿದ್ದುವ ಕೆಲಸವೂ ತಡವಾಗುತ್ತದೆ. ಇದು ಸಾಫ್ಟ್‌ವೇರಿನವರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಎರಡನೆಯದು ಇನ್ನೂ ದೊಡ್ಡದು. ಬಂದವರಿಗೆ 'ಇವನು ಯಾರು' ಎಂದು ಗೊತ್ತಾಗಲಿ ಎಂದು ಅಂದಿನವರು ಕಲ್ಲಿನ ಮೇಲೇ ಹೆಸರು ಕೊರೆಸಿದರು. ವರದಿಯೋ ಇಂಗ್ಲಿಷಿನಲ್ಲಿದೆ, ಅದೂ ತಜ್ಞರಿಗಾಗಿ. ಚಿತ್ತಾಪುರದ ಹೈಸ್ಕೂಲು ಮೇಷ್ಟ್ರು ಮಕ್ಕಳಿಗೆ ಓದಿ ಹೇಳುವಂಥದ್ದಲ್ಲ.

ನಾವಿರುವ ಸಿಂಗಪುರವನ್ನೇ ನೋಡಿ. ನದಿಯ ಬಾಯಲ್ಲಿದ್ದ ಪ್ರಾಚೀನ ಶಾಸನದ ಬಂಡೆಯನ್ನು 1843ರಲ್ಲಿ ಸಿಡಿಸಿ ಒಡೆದರು. ಉಳಿದ ಒಂದು ತುಂಡನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಅದನ್ನು ಒಪ್ಪುವಂತೆ ಓದಿದವರು ಇನ್ನೂ ಇಲ್ಲ. ಓದಲಾಗದ ಒಂದು ತುಂಡಿಗೆ ಇಲ್ಲಿ ಇಷ್ಟು ಮರ್ಯಾದೆ. ಕನಗನಹಳ್ಳಿಯಲ್ಲಿ ಓದಲು ಬರುವ ಕಲ್ಲುಗಳೇ ಸಾಲುಸಾಲಾಗಿವೆ. ಈ ವರದಿಯ ಜೊತೆಗೇ ನೂರು ಪುಟದ, ಕೈಗೆಟಕುವ ಬೆಲೆಯ ಒಂದು ಕನ್ನಡ ಪುಸ್ತಕವೂ ಬರಬೇಕಿತ್ತು. ಅದು ಉಪಕಾರವಲ್ಲ, ಆ ಊರಿನವರಿಗೆ ಸಲ್ಲಬೇಕಾದ ಬಾಕಿ.