ಯಾರ ಹಂಗಿನಲ್ಲಿದೆ ನೆಮ್ಮದಿ

ಜೇಸನ್ ಫ್ರೈಡ್ ಮತ್ತು ಡೇವಿಡ್ ಹೈನೆಮೈಯರ್ ಹ್ಯಾನ್ಸನ್ 2018ರಲ್ಲಿ ಹೊರತಂದ ‘ಇಟ್ ಡಸಂಟ್ ಹ್ಯಾವ್ ಟು ಬಿ ಕ್ರೇಜಿ ಅಟ್ ವರ್ಕ್’ ಬೇಗ ಓದಿಸಿಕೊಳ್ಳುವ ಪುಸ್ತಕ. ವಾರಕ್ಕೆ 40 ಗಂಟೆ ದುಡಿದರೆ ಸಾಕು, ಬೇಸಿಗೆಯಲ್ಲಿ ನಾಲ್ಕು ದಿನಕ್ಕೆ 32 ಗಂಟೆಯೇ ಧಾರಾಳ ಎನ್ನುತ್ತದೆ. ವರ್ಷದ ಗುರಿ, ತಿಂಗಳ ಗುರಿ ಬೇಡ, ಜಗತ್ತನ್ನೇ ಬದಲಿಸುತ್ತೇವೆ ಎಂಬ ಪಣವೂ ಬೇಡ. ಒಳ್ಳೆಯ ತಂತ್ರಾಂಶ ಮಾಡಿ, ನ್ಯಾಯವಾದ ಬೆಲೆಗೆ ಮಾರಿ, ಸಂಜೆ ಮನೆಗೆ ಹೋಗಿ ಎನ್ನುತ್ತದೆ. ಹೀಗೆ ಹೇಳುವವರು ಮಾಡಿ ತೋರಿಸಿದವರು. ಷಿಕಾಗೊದಲ್ಲಿ 1999ರಲ್ಲಿ ವೆಬ್‌ಸೈಟ್ ವಿನ್ಯಾಸ ಮಾಡಿಕೊಡುವ ಪುಟ್ಟ ಸಂಸ್ಥೆಯಾಗಿ ಶುರುವಾದ ಇವರ 37ಸಿಗ್ನಲ್ಸ್, 2004ರಲ್ಲಿ ಬೇಸ್‌ಕ್ಯಾಂಪ್ ಎಂಬ ಕಚೇರಿ ಕೆಲಸದ ತಂತ್ರಾಂಶ ಬಿಡುಗಡೆ ಮಾಡಿತು. ನೂರಾರು ಜನರ ಕಂಪನಿಯಾಗುವ ಅವಕಾಶವಿದ್ದರೂ ಐವತ್ತರ ಆಸುಪಾಸಿನಲ್ಲೇ ನಿಂತಿತು. 2014ರಲ್ಲಂತೂ ಬೇರೆ ಉತ್ಪನ್ನಗಳನ್ನು ಬದಿಗಿಟ್ಟು ಬೇಸ್‌ಕ್ಯಾಂಪ್ ಒಂದನ್ನೇ ನೆಚ್ಚಿಕೊಂಡು, ಕಂಪನಿಗೂ ಅದೇ ಹೆಸರಿಟ್ಟಿತು. ಬೇಕೆಂದೇ ಚಿಕ್ಕದಾಗಿ ಉಳಿದವರ ಮಾತಿಗೆ ತೂಕವಿರುತ್ತದೆ.

ಆದರೂ ನನ್ನದೊಂದು ತಕರಾರು ಇದೆ. ಗಟ್ಟಿ ಮನಸ್ಸು ಮಾಡಿದರೆ ನೆಮ್ಮದಿ ತಾನಾಗಿ ಬರುತ್ತದೆ ಎಂಬ ಧಾಟಿ ಪುಸ್ತಕದ ಉದ್ದಕ್ಕೂ ಇದೆ. ಅದರೊಳಗಿನ ಸಂಗತಿಗಳು ಬೇರೆಯೇ ಕಥೆ ಹೇಳುತ್ತವೆ. ಸ್ವಂತವಾಗಿ ತಂತ್ರಾಂಶ ಮಾಡಿ ಬದುಕುವವರು ಯಾರ ಹಂಗಿನಲ್ಲಿದ್ದಾರೆ ಎಂಬುದು ಮೊದಲು ತೀರ್ಮಾನವಾಗುತ್ತದೆ. ಅವರ ಸಂಜೆ, ಭಾನುವಾರ, ನಿದ್ದೆ ಎಲ್ಲವೂ ಅದರ ಹಿಂದೆ ಬರುತ್ತವೆ.

ಪುಸ್ತಕದ ಅತ್ಯುತ್ತಮ ಭಾಗ ಇದಕ್ಕೆ ಸಾಕ್ಷಿ. ಆಗ ಬೇಸ್‌ಕ್ಯಾಂಪ್‌ನ ಬೆಲೆ ತಿಂಗಳಿಗೆ 99 ಡಾಲರ್. ಐದು ಜನರ ಅಂಗಡಿಯಾಗಲಿ, ಐದು ಸಾವಿರ ಜನರ ಕಂಪನಿಯಾಗಲಿ, ಅಷ್ಟೇ. ತಲೆಗಿಷ್ಟು ಎಂದು ವಸೂಲು ಮಾಡಿದ್ದರೆ ದೊಡ್ಡ ಗಿರಾಕಿಗಳಿಂದ ದುಡ್ಡು ಸುರಿಯುತ್ತಿತ್ತು. ಆದರೆ ಆ ಗಿರಾಕಿ ಕೇಳಿದ್ದನ್ನೆಲ್ಲ ಮಾಡಿಕೊಡಬೇಕಾಗುತ್ತಿತ್ತು, ಅವನು ಬಿಟ್ಟುಹೋದರೆ ಸಂಬಳಕ್ಕೇ ಕುತ್ತು ಬರುತ್ತಿತ್ತು. ಯಾವ ಒಬ್ಬ ಗಿರಾಕಿಯೂ ತಮ್ಮ ಮೇಲೆ ಸವಾರಿ ಮಾಡದಂತೆ ಅವರು ಬೆಲೆಯಲ್ಲೇ ಬೇಲಿ ಹಾಕಿಕೊಂಡರು. ಸಹೋದ್ಯೋಗಿಯ ಕ್ಯಾಲೆಂಡರ್ ನೋಡಿ ಅವನ ಬಿಡುವಿನ ಮೇಲೆ ಮೀಟಿಂಗ್ ಹೇರಬಾರದು, ತಜ್ಞರನ್ನು ಕಂಡಕಂಡಾಗ ಮಾತಾಡಿಸದೆ ಅವರು ಗೊತ್ತುಮಾಡಿದ ಹೊತ್ತಿನಲ್ಲಿ ಕೇಳಬೇಕು ಎಂಬಂಥ ನಿಯಮಗಳನ್ನೂ ಪುಸ್ತಕ ವಿವರಿಸುತ್ತದೆ. ಚೆನ್ನಾಗಿವೆ. ಆದರೆ ಬೆಲೆಯ ಆ ಬೇಲಿ ಇಲ್ಲದಿದ್ದರೆ ಇವು ವಾರವೊಪ್ಪತ್ತೂ ಬಾಳುತ್ತಿರಲಿಲ್ಲ.

ಇನ್ನು ಆರಂಭದ ದಿನಗಳು. ಬೇಸ್‌ಕ್ಯಾಂಪ್ ಕಟ್ಟುವಾಗ ಫ್ರೈಡ್‌ಗೆ ವಿನ್ಯಾಸದ ಕೆಲಸದಿಂದ ಆದಾಯ ಬರುತ್ತಿತ್ತು. ಹ್ಯಾನ್ಸನ್ ಕೋಪನ್‌ಹೇಗನ್‌ನಲ್ಲಿ ಓದುತ್ತಾ ವಾರಕ್ಕೆ ಹತ್ತು ಗಂಟೆ ಕೋಡ್ ಬರೆಯುತ್ತಿದ್ದರು. ತಿಂಗಳ ಖರ್ಚಿಗೆ ಬೇರೆ ದಾರಿ ಇತ್ತು. 2006ರಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ಸಣ್ಣ ಪಾಲು ಕೊಂಡಾಗ ಆ ಹಣ ಸೇರಿದ್ದು ಕಂಪನಿಯ ಖಾತೆಗಲ್ಲ, ಮಾಲೀಕರಿಬ್ಬರ ಕೈಗೆ. ಮನೆಯ ಚಿಂತೆ ಅಷ್ಟರಮಟ್ಟಿಗೆ ಕಳೆದವರಿಗೆ ‘ಬೆಳೆಯುವುದಿಲ್ಲ’ ಎನ್ನುವ ಧೈರ್ಯ ಸುಲಭವಾಗಿ ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ, ಅವರು ದುಡಿದೇ ಗಳಿಸಿದ್ದು. ಪುಸ್ತಕದ ವಾದದಲ್ಲಿ ಮಾತ್ರ ಇದಕ್ಕೆ ಸಲ್ಲಬೇಕಾದ ಜಾಗ ಸಿಕ್ಕಿಲ್ಲ. ಗೃಹಸಾಲದ ಕಂತು ಕಟ್ಟುತ್ತಾ ರಾಜೀನಾಮೆ ಪತ್ರ ಬರೆಯುತ್ತಿರುವ ಓದುಗನಿಗೆ ಈ ಲೆಕ್ಕವೇ ಮೊದಲು ಬೇಕಿತ್ತು.

ಒಬ್ಬರೇ ಎಲ್ಲವನ್ನೂ ನಡೆಸುವವರಿಗೆ ಪುಸ್ತಕ ಇನ್ನೂ ಕಡಿಮೆ ಕೊಡುತ್ತದೆ. ಬೇಸ್‌ಕ್ಯಾಂಪ್‌ನಲ್ಲಾದರೆ ಸರ್ವರ್ ಕೆಟ್ಟರೆ ನೋಡಲು ಒಂದು ತಂಡ, ಗಿರಾಕಿಗಳಿಗೆ ಉತ್ತರಿಸಲು ಇನ್ನೊಂದು. ಪ್ಯಾಟ್ರಿಕ್ ಮೆಕೆಂಜಿ ಎಂಬ ಅಮೆರಿಕನ್ ಪ್ರೋಗ್ರಾಮರ್ ಇದ್ದದ್ದು ಬೇರೆ ನೆಲೆಯಲ್ಲಿ. ಜಪಾನಿನಲ್ಲಿ ನೌಕರಿ ಮಾಡುತ್ತಾ, ಉಳಿದ ಅಲ್ಪ ಸಮಯದಲ್ಲಿ, 2006ರಲ್ಲಿ ಶಾಲಾ ಶಿಕ್ಷಕರಿಗಾಗಿ ಬಿಂಗೊ ಚೀಟಿ ಮುದ್ರಿಸುವ ಪುಟ್ಟ ತಂತ್ರಾಂಶ ಮಾಡಿ ಮಾರಿದರು. ಅದು ಶಿಕ್ಷಕಿಯ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಒಂದು ದಿನ ಕೈಕೊಟ್ಟರೂ ಮಕ್ಕಳಿಗೆ ಬೇರೆ ಆಟ ಆಡಿಸಬಹುದಿತ್ತು. 2010ರಲ್ಲಿ ಅವರು ನೌಕರಿ ಬಿಟ್ಟರು. ಆಮೇಲೆ ಮಾಡಿದ್ದು, ಅಪಾಯಿಂಟ್‌ಮೆಂಟ್ ನೆನಪಿಸಲು ಜನರಿಗೆ ತಾನಾಗಿ ಫೋನ್ ಮಾಡುವ ಸೇವೆ. ಮೊದಲನೆಯದರಲ್ಲಿ ಗಳಿಕೆ ಸಾಧಾರಣ, ರಾತ್ರಿ ನಿಶ್ಚಿಂತೆ. ಎರಡನೆಯದು ತಪ್ಪಿದರೆ ಯಾರದೋ ಇಡೀ ದಿನದ ವ್ಯಾಪಾರ ಏರುಪೇರು. ಅದನ್ನು ಒಬ್ಬರೇ ನಡೆಸುವಾಗ ಫೋನ್ ಆರಿಸಿ ಮಲಗುವಂತಿಲ್ಲ. ಶಿಸ್ತು ಎಷ್ಟೇ ಇದ್ದರೂ ಈ ವ್ಯತ್ಯಾಸ ಅಳಿಯದು.

ನಮ್ಮಲ್ಲಿ ಅಂಗಡಿಗಳಿಗೆ ಜಿಎಸ್‌ಟಿ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಟ್ಟು ಬದುಕುವವರನ್ನು ನೋಡಿ. ಬೆಂಗಳೂರಿನ ಸ್ಟಾರ್ಟ್‌ಅಪ್ ಸುದ್ದಿಗಳಲ್ಲಿ ಇವರ ಹೆಸರು ಬರುವುದಿಲ್ಲ. ಹೂಡಿಕೆದಾರರಿಲ್ಲ, ವರ್ಷಕ್ಕೊಮ್ಮೆ ಎಎಂಸಿ (ವಾರ್ಷಿಕ ನಿರ್ವಹಣೆ) ದುಡ್ಡು ಬರುತ್ತದೆ, ಮೇಲ್ನೋಟಕ್ಕೆ ಸ್ವತಂತ್ರ ಬದುಕು. ಆದರೆ ತಿಂಗಳ 11ನೇ ತಾರೀಕು ಜಿಎಸ್‌ಟಿಆರ್-1 ರಿಟರ್ನ್‌ಗೆ, 20ನೇ ತಾರೀಕು 3ಬಿ ರಿಟರ್ನ್‌ಗೆ ಕೊನೆಯ ದಿನ. ‘ಸಾರ್, ರಿಪೋರ್ಟ್ ಬರ್ತಿಲ್ಲ’ ಎಂಬ ಕರೆ ಆ ದಿನಗಳ ಹಿಂದಿನ ರಾತ್ರಿಯೇ ಶುರು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗಿನಿಂದ ನಿಯಮ ಬದಲಾದಾಗಲೆಲ್ಲ ತಂತ್ರಾಂಶವನ್ನೂ ಬದಲಿಸಬೇಕು. ವಾರಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂಬುದನ್ನು ಇವರು ತೀರ್ಮಾನಿಸಲಾರರು. ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದಾಗ ಎದ್ದ ಚರ್ಚೆಯಲ್ಲಿ ಇಂಥವರ ಪ್ರಸ್ತಾಪ ನನ್ನ ಕಣ್ಣಿಗೆ ಬೀಳಲಿಲ್ಲ. ನನಗದು ಬೇಸರದ ಸಂಗತಿ.

ಹಾಗೆಂದು ಫ್ರೈಡ್, ಹ್ಯಾನ್ಸನ್ ಮಹತ್ವಾಕಾಂಕ್ಷೆ ಬಿಟ್ಟವರೆಂದು ತಿಳಿಯಬಾರದು. ಹ್ಯಾನ್ಸನ್ 2014ರಲ್ಲಿ ಲೆ ಮಾನ್ಸ್ 24 ಗಂಟೆಗಳ ಕಾರ್ ರೇಸಿನಲ್ಲಿ ತಮ್ಮ ವರ್ಗದಲ್ಲಿ ಗೆದ್ದ ತಂಡದಲ್ಲಿದ್ದರು. 2020ರಲ್ಲಿ ಕಂಪನಿ ‘ಹೇ’ ಎಂಬ ಹೊಸ ಇಮೇಲ್ ಸೇವೆ ತಂದು ಜಿಮೇಲ್‌ಗೇ ಎದುರು ನಿಂತಿತು. ಆಗಲೇ ಅವರ ನೆಮ್ಮದಿ ಕೆಟ್ಟಿದ್ದು. ಚಂದಾ ಹಣ ತನ್ನ ಮೂಲಕವೇ ಬರಬೇಕು, ಅದರಲ್ಲಿ ಶೇ 30 ತನಗೆ ಸೇರಬೇಕು ಎಂಬ ನಿಯಮ ಮುಂದಿಟ್ಟು ಆ್ಯಪಲ್ ಆ ಆ್ಯಪ್‌ನ ಪರಿಷ್ಕೃತ ಆವೃತ್ತಿಯನ್ನು ತಡೆಹಿಡಿಯಿತು. ಬಹಿರಂಗ ಜಗಳವಾಗಿ, ಕೊನೆಗೆ ಉಚಿತ ಪ್ರಾಯೋಗಿಕ ಬಳಕೆಯ ದಾರಿ ಮಾಡಿಕೊಟ್ಟ ಮೇಲೆ ಆ್ಯಪ್ ಉಳಿಯಿತು. ಗಿರಾಕಿಗಳ ವಿರುದ್ಧ ಕಟ್ಟಿಕೊಂಡ ಬೇಲಿ ಆ್ಯಪ್ ಅಂಗಡಿಯ ಬಾಗಿಲು ಕಾಯುವವನ ಮುಂದೆ ಕೆಲಸಕ್ಕೆ ಬರಲಿಲ್ಲ. ಮರುವರ್ಷ, ಕಂಪನಿಯ ಒಳಗಿನ ವೇದಿಕೆಯಲ್ಲಿ ರಾಜಕೀಯದ ಮಾತು ಬೇಡವೆಂದು ಮಾಲೀಕರು ಅಪ್ಪಣೆ ಮಾಡಿದಾಗ ಸುಮಾರು ಮೂರನೇ ಒಂದು ಭಾಗ ಉದ್ಯೋಗಿಗಳು ಪರಿಹಾರ ಪಡೆದು ಹೊರನಡೆದರು. ಪುಸ್ತಕ ಹೊಗಳುವ ಆ ಶಾಂತಿ ಮಾಲೀಕರ ಕಲ್ಪನೆಯದು, ಅದರೊಳಗಿದ್ದವರಿಗೆಲ್ಲ ಒಪ್ಪಿಗೆಯಾದದ್ದಲ್ಲ ಎಂಬುದು ಆಗ ಬಯಲಾಯಿತು.

ಪುಸ್ತಕವನ್ನು ನಾನು ಈಗಲೂ ಕೊಂಡು ಓದಿ ಎಂದೇ ಹೇಳುತ್ತೇನೆ, ಆದರೆ ಬೆಲೆಯ ಅಧ್ಯಾಯದಿಂದ ಶುರು ಮಾಡಿ. ಬಿಲ್ಲಿಂಗ್ ತಂತ್ರಾಂಶ ಮಾಡುವವರ ಬಳಿ ದೊಡ್ಡ ಹೋಲ್‌ಸೇಲ್ ವ್ಯಾಪಾರಿ ಬಂದು, ಅರ್ಧ ವರ್ಷದ ಆದಾಯ ಒಮ್ಮೆಗೇ ಕೊಡುತ್ತೇನೆ, ನಮಗೆ ಬೇಕಾದ ಹಾಗೆ ಬದಲಿಸಿ ಕೊಡಿ ಎಂದಾಗ ಏನು ಹೇಳಬೇಕೆಂಬುದಕ್ಕೆ ಆ ಕೆಲವೇ ಪುಟಗಳಲ್ಲಿ ಉತ್ತರವಿದೆ.