ಸಕ್ಕರೆ ಕಾಯಿಲೆ, ಮೂತ್ರಪಿಂಡ ಮತ್ತು ಬಾಣದ ದಿಕ್ಕು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಸಕ್ಕರೆ ಕಾಯಿಲೆಯವರೊಬ್ಬರ 'ಕಿಡ್ನಿ ಹೋಯಿತು' ಎಂದರೆ, 'ಬೋರ್‌ವೆಲ್ ನೀರಿನ ಫ್ಲೋರೈಡ್' ಎಂಬ ಮಾತು ಕೂಡಲೇ ಬರುತ್ತದೆ. ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನದ ಭಿತ್ತಿಪತ್ರಗಳಲ್ಲೂ ಫ್ಲೋರೈಡಿನಿಂದ ಮೂತ್ರಪಿಂಡದತ್ತ ಒಂದು ಬಾಣ ಎಳೆದಿರುವುದನ್ನು ನೀವು ನೋಡಿರಬಹುದು. ನನ್ನ ತಕರಾರು ಆ ಬಾಣದ ಬಗ್ಗೆ.

ಈ ಭಾಗದ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಪ್ರಮಾಣ ಭಾರತೀಯ ಮಾನಕದ ಗರಿಷ್ಠ ಮಿತಿಯನ್ನು, ಅಂದರೆ ಲೀಟರಿಗೆ 1.5 ಮಿಲಿಗ್ರಾಂ ಅನ್ನು, ಮೀರಿದೆ. ಹಲ್ಲು, ಮೂಳೆಗಳಿಗೆ ಅದರಿಂದಾಗುವ ಹಾನಿಯಲ್ಲಿ ಸಂಶಯವಿಲ್ಲ. ಮೂತ್ರಪಿಂಡದ ವಿಷಯ ಅಷ್ಟು ಸರಳವಲ್ಲ. ದೇಹ ಹೀರಿಕೊಂಡ ಫ್ಲೋರೈಡ್ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕವೇ. ಮೂತ್ರಪಿಂಡ ಸೋತರೆ ರಕ್ತದಲ್ಲಿ ಫ್ಲೋರೈಡ್ ಏರುತ್ತದೆ. ಆದ್ದರಿಂದ ರೋಗಿಗಳ ರಕ್ತದಲ್ಲಿ ಅದು ಹೆಚ್ಚಾಗಿ ಕಂಡರೆ ಅದು ರೋಗದ ಕಾರಣವೂ ಇರಬಹುದು, ಪರಿಣಾಮವೂ ಇರಬಹುದು. ಬಾಣವನ್ನು ತಿರುಗಿಸಿ ಬರೆದರೂ ಅದೇ ಅಂಕಿಗಳು ಹೊಂದುತ್ತವೆ! ಫ್ಲೋರೈಡ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಪ್ರಾಣಿಗಳಲ್ಲಿ ಹೆಚ್ಚಿನ ಪ್ರಮಾಣ ಮೂತ್ರಪಿಂಡವನ್ನು ಕೆಡಿಸಿದ್ದುಂಟು. ಆದರೆ ಒಂದೇ ನೀರು ಕುಡಿಯುವ ಇಬ್ಬರು ಮಧುಮೇಹಿಗಳಲ್ಲಿ ಒಬ್ಬರ ಮೂತ್ರಪಿಂಡ ಮಾತ್ರ ಕೆಟ್ಟದ್ದೇಕೆ ಎಂಬುದನ್ನು ನೀರೊಂದೇ ವಿವರಿಸಲಾರದು.

ಅದನ್ನು ವಿವರಿಸಬಲ್ಲ ಅಂಶಗಳು ನೀರಸ: ಕಾಯಿಲೆಯ ವಯಸ್ಸು, ಹತೋಟಿಗೆ ಬಾರದ ಸಕ್ಕರೆ, ಏರಿದ ರಕ್ತದೊತ್ತಡ, ತಂಬಾಕು. ಇಲ್ಲಿ ಬಾಣದ ದಿಕ್ಕನ್ನು ಪ್ರಯೋಗವೇ ಪರೀಕ್ಷಿಸಿದೆ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಮಧುಮೇಹ ಅಧ್ಯಯನದಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಲಾಗಿತ್ತು. ರಕ್ತದೊತ್ತಡವನ್ನು ಬಿಗಿಯಾಗಿ ಹಿಡಿದ ಗುಂಪಿನಲ್ಲಿ ಸೂಕ್ಷ್ಮ ರಕ್ತನಾಳಗಳ ತೊಂದರೆ ಶೇ. 37ರಷ್ಟು, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಶೇ. 25ರಷ್ಟು ಕಡಿಮೆಯಾಯಿತು. (ಆ ಲಾಭದಲ್ಲಿ ದೊಡ್ಡ ಪಾಲು ಕಣ್ಣಿನದು ಎಂಬುದನ್ನೂ ಹೇಳಬೇಕು.)

ಭಿತ್ತಿಪತ್ರಗಳ ಇನ್ನೊಂದು ದೋಷ ಭೌತಶಾಸ್ತ್ರದ ಮೇಷ್ಟರಿಗೆ ಬೇಗ ಕಣ್ಣಿಗೆ ಬೀಳುತ್ತದೆ. 'ಕ್ರಿಯಾಟಿನಿನ್ ಸಹಜ, ಹಾಗಾಗಿ ಮೂತ್ರಪಿಂಡ ಕ್ಷೇಮ' ಎಂದು ಬರೆದಿರುತ್ತಾರೆ. ದೇಹದಲ್ಲಿ ಕ್ರಿಯಾಟಿನಿನ್ ಉತ್ಪತ್ತಿ ಸ್ಥಿರವಾಗಿದ್ದರೆ, ರಕ್ತದಲ್ಲಿ ಅದರ ಮಟ್ಟ ಶೋಧನ ದರಕ್ಕೆ ಹೆಚ್ಚುಕಡಿಮೆ ವಿಲೋಮಾನುಪಾತದಲ್ಲಿರುತ್ತದೆ. ಬಾಯ್ಲನ ನಿಯಮದ ರೇಖೆಯನ್ನು ನೆನಪಿಸಿಕೊಳ್ಳಿ. 0.6 ಇದ್ದದ್ದು 1.2 ಆದರೆ ಶೋಧನ ಅರ್ಧಕ್ಕೆ ಇಳಿದಿದೆ. ಆದರೂ ಅನೇಕ ಪ್ರಯೋಗಾಲಯಗಳ ವರದಿಯಲ್ಲಿ ಗಂಡಸರಿಗೆ ಎರಡೂ 'ಸಹಜ'. ಸ್ನಾಯು ಕರಗಿದ ವೃದ್ಧರಲ್ಲಂತೂ ಈ ಸಂಖ್ಯೆ ಇನ್ನಷ್ಟು ಮೋಸ ಮಾಡುತ್ತದೆ.

ಬಹಳಷ್ಟು ಮಧುಮೇಹಿಗಳಲ್ಲಿ ಕ್ರಿಯಾಟಿನಿನ್ ಏರುವ ಮೊದಲೇ ಮೂತ್ರದಲ್ಲಿ ಆಲ್ಬುಮಿನ್ ಸೋರತೊಡಗುತ್ತದೆ. ಮೂತ್ರದ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಮುಟ್ಟಿ ಮೂರು ತಿಂಗಳು ಹಾಗೇ ಉಳಿದರೆ, ಅದನ್ನು ಮೂತ್ರಪಿಂಡದ ದೀರ್ಘಕಾಲಿಕ ಕಾಯಿಲೆ ಎಂದೇ ಪರಿಗಣಿಸುತ್ತಾರೆ. ಬೇಕಾದದ್ದು ಒಂದು ಸೀಸೆ ಮೂತ್ರ, ವರ್ಷಕ್ಕೊಮ್ಮೆ. ನಾನು ನೋಡಿದ ಭಿತ್ತಿಪತ್ರಗಳಲ್ಲಿ ಫ್ಲೋರೈಡಿಗೆ ಕೆಂಪು ಬಣ್ಣದ ದಪ್ಪ ಅಕ್ಷರಗಳಿದ್ದವು. ಆಲ್ಬುಮಿನ್ನಿನ ಹೆಸರು ಒಂದರಲ್ಲೂ ಇರಲಿಲ್ಲ.